ಮುಚ್ಚಳ

ನಾಕು ಸ್ಕ್ರೂ ಬೇಕಿತ್ತು, ಸಿಕ್ಕಿದ್ದು ಎರಡು.
ದಸ್ತಗೀರ ಬಾಯಾಗ ಟಾರ್ಚ್ ಕಚ್ಚಿಕೊಂಡು
ಡಬ್ಬಿಯೊಳಗ ತಲಿ ಹಾಕ್ಯಾನ.
"ಕೂಡಸಾಕ ಖಾನೇನ ಉಳದಿಲ್ಲ ಅಕ್ಕಾರ,
ಮೂರು ಡಿಸ್ಕು ಆಗಲೇ ಒತ್ತಿಕೊಂಡು ಕುಂತಾವ,
ಬಾದಾಮಿ ಟೆಂಪೋದಾಗ ಕುಂತಂಗ."

ಹಳೇ ಖಣದ ಪಟ್ಟಿ ಕೊಟ್ಟೆ, ಕಟ್ಟಾಕ.
"ಬಟ್ಟಿ ಬ್ಯಾಡ, ಕಾವಿಗೆ ಸುಟ್ಟೀತು"
ಅಂತ ತಿರುಗಿ ಕೊಟ್ಟ.
ಸೈಕಲ್ ಟ್ಯೂಬಿನ ತುಂಡು ನಡೀತು.

ನಾನು ಮಿಕ್ಸಿಂಗ್ ಮಾಡಾಕಿ.
ನವನಗರ, ಸೆಕ್ಟರ್ ನಲವತ್ತೊಂದು, ಹಿಂದಿನ ಖೋಲಿ.
ಗುಲಾಬಿ ಹೂವಿನೊಳಗ ಮದುಮಗನ ಮಾರಿ ಕೂಡಸೂದು,
ಅತ್ತ ಕಣ್ಣೀರು ಒಂದೀಟು ನಿಧಾನ ಓಡಸೂದು ನನ್ನ ಕೆಲಸ.
ಶೂಟಿಂಗ್ ನಮ್ಮವರದು.
ಶೂಟ್ ಮಾಡಿದ್ದು ಒಂದೂ ಅಳಸೂದಿಲ್ಲ ಅವರು,
ಕಾಲಿನ ಚಿತ್ರ, ಪೆಂಡಾಲಿನ ಮ್ಯಾಲಿನ ಕಾಗಿ,
ಊಟಕ್ಕ ಕುಂತಾಗ ಬಂದ್ ಮಾಡೂದು ಮರತ ಕ್ಯಾಮೆರಾ,
ಎಲ್ಲಾ ಬೇಕು.

ಸಿ ತುಂಬಿತ್ತು. ಡಿ ತುಂಬಿತ್ತು.
ಇ ದಾಗ ಒಂದು ಬಾಸಿಂಗ ಇಡೂವಷ್ಟು ಜಾಗಿಲ್ಲ.
ಬಸವ ಜಯಂತಿಗೆ ಆರು ಲಗ್ನ ಹಿಡದು ಕುಂತಾರ.

ಒಂದಿನ ಮಧ್ಯಾಹ್ನ ಅಳಸಾಕ ಕುಂತೆ.
ದೊಡ್ಡದು ಮ್ಯಾಲೆ ಬರೂವಂಗ ಸಾಲು ಹಚ್ಚಿದೆ.
ತುದೀಗೆ ಒಂದು ಫೈಲು, ಹನ್ನೊಂದು ಜೀಬಿ,
ಹಳೇ ಕ್ಯಾಸೆಟ್ಟಿಂದ ಇಳಿಸಿದ್ದು, ಹೆಸರಿಲ್ಲ.
ತಗದೆ. ಕಪ್ಪು.
ಮುಂದ ಓಡಿಸಿದೆ. ಕಪ್ಪು.
ಕೊನೀಗೆ ಹೋದೆ. ಅಲ್ಲೂ ಕಪ್ಪು.

"ಅದಾ?" ಅಂದರು ನಮ್ಮವರು ಮಾರಿ ಎತ್ತಲಾರದ,
"ಕಿಲ್ಲಾದ ಕೆಳಗಿನ ಓಣಿ. ನೀರು ಬರೂಕಿಂತ ಮೊದಲ ಹೋಗಿದ್ದೆ.
ಲೆನ್ಸಿನ ಮುಚ್ಚಳ ತಗಿಯೂದು ಮರತೆ."
ಐವತ್ತು ನಿಮಿಷ ಮುಚ್ಚಳ ಮರತ ಮನುಷ್ಯಾಗ
ನಾ ಕೊರಳು ಕೊಟ್ಟೀನಿ.

ಡಿಲೀಟಿನ ಮ್ಯಾಲೆ ಬಟ್ಟಿಟ್ಟೆ.
ಸ್ಪೀಕರ್ ಚಾಲೂ ಇತ್ತು.

ಗಿರಣಿ ಬೆಲ್ಟು, ಪಟ ಪಟ ಪಟ.
ಗ್ವಾಡ್ಯಾಗಿನ ಗೂಟ ಯಾರೋ ಕೀಳಾಕತ್ತಾರ.
ಬಾಗಲಾ ಟ್ರ್ಯಾಕ್ಟರಿಗೆ ಹೇರೂ ಸಪ್ಪಳ,
"ಹಗೂರ, ಹಗೂರ, ತ್ವಾಳ ಸೀಳೀತು."
ಒಂದು ಹುಡುಗಿ ಎಮ್ಮಿ ಹೆಸರು ಹಿಡದು ಕರದಳು,
ಎಮ್ಮಿ ಓ ಅಂತು.
ಆಮ್ಯಾಲೆ ನಮ್ಮವರು. ಹಲ್ಲೆಲ್ಲಾ ಇದ್ದ ಕಾಲದ ದನಿ:
"ಆಯೀ, ಸ್ವಲ್ಪ ನಗು, ಮಾರಿ ಚೊಲೊ ಬರಲಿ."
ಮುದುಕಿ ನಕ್ಕಳು.
ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೇಳಿದಳು:
"ಬಂತೇನಪಾ ಅದರಾಗ, ನಾ ನಕ್ಕದ್ದು?"
"ಬಂತ ಆಯೀ," ಅಂದಾರ ಇವರು. "ಭಾಳ ಚೊಲೊ ಬಂತು."

ಬಟ್ಟು ತಗದೆ.
ದಸ್ತಗೀರಗ ಫೋನ್ ಹಚ್ಚಿದೆ:
ನಾಕು ಟೀಬಿ, ಏಳು ಸಾವಿರದ ಇನ್ನೂರು.
ಮನ್ಯಾಗ ಹೇಳಿದ್ದು, ಲಗ್ನದ ಸೀಜನ್ನಿಗೆ ಅಂತ.

ಹೊಸಾದ್ದನ್ನ ಕಂಪ್ಯೂಟರ್ ಮೊದಲ ಗುರ್ತ ಹಿಡೀಲಿಲ್ಲ.
ವಾಯರ್ ಬದಲಿಸಿದ. ಪಿನ್ನು ಊದಿದ.
ಉಸರು ಹಿಡದು ಸ್ವಿಚ್ ಒತ್ತಿದ. ಬಂತು.
"ಹಳೇದರಾಗ ಬ್ಯಾಡ್ ಸೆಕ್ಟರ್ ಅದಾವ ಅಕ್ಕಾರ."
"ಎಷ್ಟನೇ ನಂಬರಿಂದೋ? ನಮ್ದು ನಲವತ್ತೊಂದು."
ನಕ್ಕಾಗ ಅವನ ಬಾಯಾಗಿನ ಟಾರ್ಚ್ ಬಿತ್ತು.

"ಯಾವ ಅಕ್ಷರ ಕೊಡ್ಲಿ ಇದಕ್ಕ? ಜಿ ಖಾಲಿ ಐತಿ, ಎಚ್ ಐತಿ."
"ಕೆ ಕೊಡು" ಅಂದೆ.
ಯಾಕಂತ ಕೇಳಲಿಲ್ಲ. ಕೊಟ್ಟ.

ಬದಿಯ ಮುಚ್ಚಳ ಕೂಡವಲ್ತು, ವಾಯರ್ ಉಬ್ಬಿ ನಿಂತಾವ.
"ತಗದ ಇಟ್ಟುಬಿಡ್ರಿ, ಗಾಳಿ ಆಡತೈತಿ" ಅಂದು
ಚಹಾ ಕುಡದು ಹೋದ.
ಆ ತಗಡಿನ ಮ್ಯಾಲೆ ಈಗ ಸೇಂಗಾ ಒಣಗಾಕತ್ತಾವ.

ಮೂವತ್ತೇಳು ಪರ್ಸೆಂಟಿಗೆ ನಿಂತೈತಿ ಕಾಪಿ.
ಹಳೇ ಡಿಸ್ಕು ಟಕ್ ಅಂತೈತಿ, ಸುಮ್ಮನಾಗತೈತಿ,
ಮತ್ತ ಟಕ್.
ಟೇಬಲ್ ಫ್ಯಾನು ಅದರ ಕಡೆ ತಿರುವೀನಿ.
ಸೆಕಿ, ಸೆಕಿ ಅಂತ ಬೈಕೊಂತ ಬಂದರು ನಮ್ಮವರು,
"ಏನ ತುಂಬಸಾಕತ್ತಿ ಅದರಾಗ?"
"ಕತ್ತಲಿ" ಅಂದೆ.
"ಯಾಕ, ಕರೆಂಟ್ ಹೋಗೇತೇನು?" ಅಂದರು.